ಅಕ್ಕನ ಮುಖದ ಮೇಲಿನ ಬಟ್ಟೆ

ಚಳ್ಳಕೆರೆ
೧೯೧೧ನೇ ಇಸವಿ, ಕಾರ್ತಿಕ ಬಹುಳ ಪಂಚಮಿ

ಅವ್ವಾ,

ನಿನ್ನ ಕಿರಿಮಗಳು ಯರ್ರಮ್ಮ ದೂರದಿಂದಲೇ ನಿನ್ನ ಪಾದ ಮುಟ್ಟಿ ಬರೆಯುತ್ತಿದ್ದೇನೆ. ಮೊದಲು ಇದನ್ನು ಕೇಳು: ನಮ್ಮ ಅಕ್ಕ ಕಾಟಕ್ಕ ಬದುಕಿದ್ದಾಳೆ. ಅಕ್ಕನ ಗಂಡನ ಊರು ತಳಕಿನಿಂದ ಯಾರಾದರೂ ಮೊಳಕಾಲ್ಮೂರಿಗೆ ಬಂದು ಬೇರೆ ಮಾತು ಹೇಳಿದ್ದರೆ ನಂಬಬೇಡ.

ಮೊನ್ನೆ ತಿಪ್ಪಯ್ಯ ಭಾವ ಅಕ್ಕನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಇಲ್ಲಿಯ ಆಸ್ಪತ್ರೆಗೆ ತಂದ. ಮಗು ಅಡ್ಡ ತಿರುಗಿ ಒಂದು ಕೈ ಮಾತ್ರ ಹೊರಗೆ ಬಂದಿತ್ತು. ಊರಿನ ಸೂಲಗಿತ್ತಿ ಇನ್ನು ತನ್ನಿಂದಾಗದೆಂದು ಕೈಬಿಟ್ಟಿದ್ದಳು. ಅಕ್ಕನಿಗೆ ಕೂಗುವ ಶಕ್ತಿಯೂ ಇರಲಿಲ್ಲ, ತುಟಿ ಕಚ್ಚಿ ಕಚ್ಚಿ ಗಾಯವಾಗಿತ್ತು.

ಒಳಗೆ ಕೈ ಹಾಕಿ ಮಗುವನ್ನು ತಿರುಗಿಸಬೇಕು ಎಂದರು ಡಾಕ್ಟರು. ಹೊಟ್ಟೆ ಕಲ್ಲಿನಂತೆ ಬಿಗಿದಿದೆ, ಕ್ಲೋರೋಫಾರಂ ಕೊಟ್ಟು ಎಚ್ಚರ ತಪ್ಪಿಸಿದರೆ ಮಾತ್ರ ಸಡಿಲವಾಗುತ್ತದೆ ಎಂದರು. ಅಕ್ಕನ ಅತ್ತೆ ದುರುಗಕ್ಕ ಬಾಗಿಲಿಗೆ ಅಡ್ಡ ನಿಂತಳು.

“ಎಚ್ಚರ ತಪ್ಪಿಸಿದ್ರೆ ಜೀವ ತಿರುಗಿ ಬರ್ತೈತಾ ಸ್ವಾಮಿ? ಹೆಂಗಸು ನೋವು ತಿಂದೇ ಹೆರಬೇಕು. ನಾವೆಲ್ಲ ಹೆತ್ತಿಲ್ವಾ?”

ಭಾವ ತಾಯಿಯ ಮುಖ ನೋಡಿದ, ಡಾಕ್ಟರ ಮುಖ ನೋಡಿದ. ಆಗ ಅಕ್ಕನೇ ನನ್ನ ಮಣಿಕಟ್ಟು ಹಿಡಿದು ಎಳೆದಳು. “ಯರ್ರೀ, ಕೊಡಾಕೆ ಹೇಳು. ಇನ್ನು ತಡಿಯಾಕಾಗಲ್ಲ ನನಗೆ.” ಅದನ್ನು ಕೇಳಿದ ಮೇಲೆ ಭಾವ ತಾಯಿಯನ್ನು ತೋಳು ಹಿಡಿದು ಹೊರಗೆ ಕರೆದೊಯ್ದ.

ಔಷಧಿ ಹಿಡಿಯುವುದು ಇಲ್ಲಿ ಕಾಂಪೌಂಡರಾಗಿರುವ ನನ್ನ ಯಜಮಾನರ ಕೆಲಸ. ಆದರೆ ಕಾಂಪೌಂಡರರನ್ನೆಲ್ಲ ಪ್ಲೇಗಿನ ಶಿಬಿರಕ್ಕೆ ಕಳಿಸಿದ್ದಾರೆ, ಅವರೂ ಅಲ್ಲೇ ಇದ್ದಾರೆ. ಡಾಕ್ಟರು ಸೀಸೆಯನ್ನು ನನ್ನ ಕೈಗೆ ಕೊಟ್ಟರು. ಮಡಿಸಿದ ಬಟ್ಟೆಯನ್ನು ಮೂಗಿನ ಮೇಲೆ ಹಿಡಿದು ಹನಿ ಹನಿಯಾಗಿ ಹಾಕು, ನನ್ನ ಕಡೆ ನೋಡಬೇಡ, ಅವಳ ಉಸಿರನ್ನೇ ನೋಡು ಎಂದರು.

ಮೊದಲು ಅಕ್ಕ ತಲೆ ಕೊಡವಿ ಬಟ್ಟೆ ಕಿತ್ತೆಸೆಯಲು ಹೋದಳು. ಆಮೇಲೆ ನಾಲಿಗೆ ತೊದಲಿತು. “ಲೇ ಯರ್ರೀ, ಬಂಡೆ ಮ್ಯಾಲೆ ಹತ್ತಬ್ಯಾಡ, ಜಾರ್ತೈತೆ, ಇಳಿ” ಎಂದು ನನ್ನನ್ನು ಚಿಕ್ಕವಳೆಂದುಕೊಂಡು ಗದರಿದಳು. ಹಾಗೇ ಸುಮ್ಮನಾದಳು.

ಅವ್ವಾ, ಸ್ವಲ್ಪ ಹೊತ್ತಿಗೆ ಅವಳ ಎದೆ ಏಳುವುದು ನಿಂತಿತು. ತುಟಿ ನೇರಳೆಗೆ ತಿರುಗಿತು. ನಾನು ಬಟ್ಟೆ ಎಸೆದು ಚೀರಿದೆ. ಡಾಕ್ಟರ ಕೈ ಒಳಗಿತ್ತು, ತೆಗೆಯುವಂತಿರಲಿಲ್ಲ. “ದವಡೆ ಎತ್ತಿ ಮುಂದಕ್ಕೆ ಹಿಡಿ” ಎಂದರು. ಎರಡೂ ಕೈಯಿಂದ ಎತ್ತಿ ಹಿಡಿದೆ. ಏನೂ ಆಗಲಿಲ್ಲ. ನಾನೇ ಕೊಂದೆ ಎಂದುಕೊಂಡೆ. ಆಮೇಲೆ ಗೊರಕೆಯಂಥ ಒಂದು ಸದ್ದು ಬಂತು, ಇನ್ನೊಂದು ಬಂತು, ಉಸಿರಾಟ ಹದಕ್ಕೆ ಬಂತು.

ಅಷ್ಟರಲ್ಲಿ ಅಕ್ಕ ನರಳತೊಡಗಿದಳು. “ಮಗುವಿನ ಕಾಲು ಸಿಕ್ಕಿದೆ, ಎಚ್ಚರವಾದರೆ ಕೆಡುತ್ತದೆ. ಮತ್ತೆ ಹಾಕು” ಎಂದರು ಡಾಕ್ಟರು. ಅದೇ ಸೀಸೆಯನ್ನು ಮತ್ತೆ ಹಿಡಿಯುವುದಿತ್ತಲ್ಲ, ಆ ಕಷ್ಟ ನನ್ನ ವೈರಿಗೂ ಬೇಡ. ಹಾಕಿದೆ. ಒಂದು ಹನಿ ಹಾಕುವುದು, ಉಸಿರು ಬರುವ ತನಕ ಕಾಯುವುದು.

ಮಗು ಹೊರಗೆ ಬಂತು. ಗಂಡು. ಡಾಕ್ಟರು ಅದನ್ನು ಬಟ್ಟೆಯಲ್ಲಿ ಸುತ್ತಿ ದುರುಗಕ್ಕನ ಕೈಗೆ ಕೊಟ್ಟರು.

ಅಕ್ಕ ಕಣ್ಣು ಬಿಟ್ಟವಳೇ ವಾಂತಿ ಮಾಡಿಕೊಂಡು, “ಯಾವಾಗ ಶುರು ಮಾಡ್ತಾರೆ?” ಎಂದು ಕೇಳಿದಳು. ಎಲ್ಲ ಮುಗಿಯಿತು ಎಂದರೂ ನಂಬಲಿಲ್ಲ. ಇವತ್ತು ಗಂಜಿ ಕುಡಿದಿದ್ದಾಳೆ, ಜ್ವರವಿಲ್ಲ. ನಿನ್ನನ್ನೇ ಕೇಳುತ್ತಿದ್ದಾಳೆ. ಕಾಗದ ಮುಟ್ಟಿದ ಕೂಡಲೇ ಹೊರಟು ಬಾ.

ನಿನ್ನ ಮಗಳು,
ಯರ್ರಮ್ಮ

ಮರೆತ ಮಾತು: ಜಂಪಣ್ಣಾ, ಅವ್ವನಿಗೆ ಈ ಕಾಗದ ಓದಿ ಹೇಳುತ್ತಿರುವವನು ನೀನೇ ತಾನೆ. ಇಲ್ಲಿಂದ ಗಟ್ಟಿಯಾಗಿ ಓದಬೇಡ, ಅವ್ವ ಎದುರಿಗೇ ಕೂತಿರುತ್ತಾಳೆ. ಮಗು ಉಸಿರಾಡಲಿಲ್ಲ. ಡಾಕ್ಟರು ಬಹಳ ಹೊತ್ತು ಬೆನ್ನು ಉಜ್ಜಿದರು. ಔಷಧಿಯೇ ಮಗುವನ್ನು ತಿಂದಿತು ಎನ್ನುತ್ತಾಳೆ ದುರುಗಕ್ಕ. ಗಾಡಿ ಇಲ್ಲಿಗೆ ಬರುವ ಮೊದಲೇ ಅದರ ಜೀವ ಹೋಗಿತ್ತು ಎನ್ನುತ್ತಾರೆ ಡಾಕ್ಟರು. ಮಗು ನಿತ್ರಾಣವಾಗಿದೆ, ಬೇರೆಯವರ ಹತ್ತಿರ ಹಾಲು ಕುಡಿಯುತ್ತಿದೆ ಎಂದು ಅಕ್ಕನಿಗೆ ಸುಳ್ಳು ಹೇಳಿದ್ದೇವೆ. ಅವಳ ಎದೆ ಹಾಲು ತುಂಬಿ ಬಿಗಿಯುತ್ತಿದೆ, ಮಗುವನ್ನು ತಂದುಕೊಡು ಎಂದು ನನ್ನ ಸೆರಗು ಹಿಡಿಯುತ್ತಾಳೆ. ಬೇಗ ಗಾಡಿ ಕಟ್ಟು. ಅವ್ವನಿಗೆ ದಾರಿಯಲ್ಲಿ ಹೇಳು. ಅಕ್ಕನಿಗೆ ಅವ್ವನೇ ಹೇಳಲಿ, ನನಗೆ ಬಾಯಿ ಬರುತ್ತಿಲ್ಲ.