ಹೊಲಿಗೆ ಮಷೀನಿನಲ್ಲಿದ್ದ ಹದಿನಾಲ್ಕನೇ ಅಧ್ಯಾಯ

ಗಾಳಿವರ್ಷ ಎಂಬತ್ತೊಂದು, ಮೂಡುಗಾಳಿ ತಿಂಗಳ ನಲವತ್ತನೇ ದಿನ
ಗಾಳಿಕಂಬದೂರು, ಚಿತ್ರದುರ್ಗ

ಲೇಖಕಿ ಇಂದುಮತಿಯವರಿಗೆ, ಮುನ್ನೂರು ವರ್ಷ ಆಚೆಯಿಂದ ತಿಪ್ಪಕ್ಕ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಗಾಳಿ ದಿಕ್ಕು ಬದಲಿಸುವವರೆಗೆ ನಮ್ಮಲ್ಲಿ ತಿಂಗಳು ಮುಗಿಯುವುದಿಲ್ಲ. ನನ್ನ ಭಾಷೆಯನ್ನೂ ಮನ್ನಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದೇ ನಿಮ್ಮ ‘ಠಾಣೆಯ ಎದುರಂಗಡಿ’ ಕಾದಂಬರಿಯಿಂದ. ಹಾಗಾಗಿ ಪ್ರೀತಿಯ ವಿಷಯ ಬರೆಯಹೊರಟರೂ ನಡುವೆ ‘ಸದರಿ’, ‘ಮೇಲ್ಕಂಡ’ ಎಂದೆಲ್ಲ ನುಸುಳುತ್ತವೆ. ಅಂದಹಾಗೆ, ನಿಮ್ಮಲ್ಲಿ ಅಜ್ಜಿಯರಿಗೆ ಮಾತ್ರ ಉಳಿದಿದ್ದ ತಿಪ್ಪಕ್ಕ ಎಂಬ ಹೆಸರು ಈಗ ಬಲು ಫ್ಯಾಷನ್.

ಈ ಕಾಗದ ಬರುವುದು ಹಿಂಟಪಾಲಿನಲ್ಲಿ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ. ಒಬ್ಬರಿಗೆ ಜೀವಮಾನಕ್ಕೆ ಒಂದೇ ಕಾಗದ, ಉತ್ತರ ಬರುವುದಿಲ್ಲ. ಹೆಚ್ಚಿನವರು ಮುತ್ತಜ್ಜಿಗೆ ಬರೆದು, ಒಡವೆ ಎಲ್ಲಿಟ್ಟಿದ್ದೀ ಎಂದು ಕೇಳಿ ಸುಮ್ಮನೆ ಕಾಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ. ಖುಷಿಯ ಅವಸರದಲ್ಲಿ ಅಕ್ಷರ ಸೊಟ್ಟಗಾಗಿದ್ದರೆ ಹೊಂದಿಸಿಕೊಂಡು ಓದಿ.

ನಿಮ್ಮ ಕಾಲದ ಗಾಳಿಯಂತ್ರಗಳ ಕಂಬಗಳೇ ಈಗ ನಮ್ಮ ಮನೆಗಳು. ಒಂದೊಂದು ಕಂಬದಲ್ಲಿ ಹನ್ನೆರಡು ಮೆಟ್ಟು, ಅಂದರೆ ಅಂತಸ್ತು, ಮೆಟ್ಟಿಗೊಂದು ಸಂಸಾರ. ನೀರು ಸರದಿಯ ಮೇಲೆ ಕೊಳವೆಯಲ್ಲಿ ಏರುತ್ತದೆ. ಅದನ್ನು ಬಿಡುವವಳು, ಕಟ್ಟುವವಳು, ಕದ್ದವರನ್ನು ಹಿಡಿಯುವವಳು ಹನಿಗಾವಲಿ. ನಿಮ್ಮ ನೀರುಗಂಟಿ ಮತ್ತು ಪೊಲೀಸು ಇಬ್ಬರನ್ನೂ ಕಲಸಿದರೆ ಆಗುವ ಜನ. ನಾನು ಹನ್ನೊಂದು ವರ್ಷ ಹನಿಗಾವಲಿಯಾಗಿದ್ದೆ, ಸೊಂಟಕ್ಕೆ ನೀಲಿ ಬೆಲ್ಟು ಬಿಗಿದು ಬಹಳ ಜಂಬದಿಂದ ಓಡಾಡುತ್ತಿದ್ದೆ.

ನಿಮ್ಮ ಕಾದಂಬರಿ ಗೊತ್ತಿಲ್ಲದ ಹೆಣ್ಣುಮಗಳು ನಮ್ಮೂರಲ್ಲಿಲ್ಲ. ಸಬ್‌ಇನ್‌ಸ್ಪೆಕ್ಟರ್ ವಾರಿಜ ದಿನಾ ಏನಾದರೊಂದು ನೆಪ ಹುಡುಕಿ ರಸ್ತೆ ದಾಟಿ ಅನಸೂಯಳ ಜೆರಾಕ್ಸ್ ಅಂಗಡಿಗೆ ಹೋಗುವುದನ್ನು ನಾವು ಎಷ್ಟು ಸಲ ಓದಿ ನಕ್ಕಿದ್ದೇವೆ! ಅಚ್ಚಾದ ಪುಸ್ತಕದಲ್ಲಿ ವಾರಿಜ ಅಪರಂಜಿ. ಲಂಚ ಮುಟ್ಟುವುದಿಲ್ಲ, ಸುಳ್ಳಾಡುವುದಿಲ್ಲ. ನಾನು ಮದುವೆಯಾಗಬೇಕೆಂದಿರುವ ಮಾರಕ್ಕ ನನ್ನನ್ನು ಮೆಚ್ಚಿದ್ದೂ ಅದೇ ಮಾತಿನಿಂದ: ನೀನು ಥೇಟು ವಾರಿಜ. ಅದನ್ನು ಕೇಳಿದಾಗಲೆಲ್ಲ ನಾನು ಮಾತು ಬದಲಿಸುತ್ತಿದ್ದೆ.

ಯಾಕೆಂದರೆ ಹೋದ ಬೇಸಿಗೆಯಲ್ಲಿ ನಲ್ಲಿ ಕಟ್ಟುವುದನ್ನು ನಾನೇ ಮರೆತಿದ್ದೆ. ಇಡೀ ಕಂಬದ ನೀರು ಹರಿದುಹೋಯಿತು. ಬೆಲ್ಟು ಹೋದೀತೆಂಬ ಭಯಕ್ಕೆ ಬೋರಮ್ಮ ಎಂಬ ಮುದುಕಿ ನಲ್ಲಿ ಮುರಿದಳೆಂದು ಹೇಳಿಬಿಟ್ಟೆ. ಶಿಕ್ಷೆಯೆಂದು ಅವಳ ಕೊಳವೆಗೆ ನೀರು ನಿಲ್ಲಿಸಿದರು. ಎಂಟು ತಿಂಗಳು ಆಕೆ ಒಂಬತ್ತು ಮೆಟ್ಟು ಕೊಡ ಹೊತ್ತಳು. ದಾರಿಯಲ್ಲಿ ಎದುರಾದಾಗ ನಾನೇ ಪಕ್ಕಕ್ಕೆ ಸರಿದು ಜಾಗ ಬಿಡುತ್ತಿದ್ದೆ. ಅದನ್ನೂ ಜನ ನನ್ನ ಸೌಜನ್ಯವೆಂದೇ ತಿಳಿದರು.

ಮಾರಕ್ಕ ಹಳೆಯ ಯಂತ್ರ ರಿಪೇರಿ ಮಾಡುತ್ತಾಳೆ. ಎಂಟು ದಿನದ ಹಿಂದೆ ಅವಳ ಅಂಗಡಿಗೆ ಒಂದು ಹೊಲಿಗೆ ಮಷೀನು ಬಂತು. ಅದರ ಪೆಟ್ಟಿಗೆಯ ತಳದ ಹಲಗೆ ಎತ್ತಿದರೆ ಹನ್ನೆರಡು ಹಾಳೆ, ನಿಮ್ಮ ಕೈಬರಹ! ಜೊತೆಗೆ ಪ್ರಕಾಶಕರ ಚೀಟಿ: ‘ಹೆಣ್ಣು ಹೆಣ್ಣನ್ನು ಪ್ರೀತಿಸುವುದನ್ನೇ ಓದುಗರು ಕಷ್ಟಪಟ್ಟು ನುಂಗಬೇಕು, ಅದರ ಮೇಲೆ ಇನ್‌ಸ್ಪೆಕ್ಟರ್ ಕೆಟ್ಟವಳೂ ಆದರೆ ಹೇಗೆ? ಹದಿನಾಲ್ಕನೇ ಅಧ್ಯಾಯ ತೆಗೆಯಿರಿ.’ ಹಳೆಯ ಅಕ್ಷರ ಮಾರಕ್ಕನಿಗೆ ಬಾರದು, ಕಾದಂಬರಿಯನ್ನೂ ಬೇರೆಯವರಿಂದ ಓದಿಸಿ ಕೇಳಿದವಳು. ಹಾಳೆಗಳನ್ನು ನನ್ನ ಕೈಗಿಟ್ಟು ಗಟ್ಟಿಯಾಗಿ ಓದೆಂದಳು.

ಓದಿದೆ. ಪ್ರೀತಿಯ ಸಲಿಗೆಯಲ್ಲಿ ಅನಸೂಯ ಖಾಲಿ ಹಾಳೆಗೆ ಪಂಚಳಾಗಿ, ಅಂದರೆ ಕಣ್ಣಾರೆ ಕಂಡ ಸಾಕ್ಷಿಯಾಗಿ, ಸಹಿ ಹಾಕಿಕೊಡುತ್ತಾಳೆ. ವಾರಿಜ ಆಮೇಲೆ ಅದರಲ್ಲಿ ಸುಳ್ಳು ಪಂಚನಾಮೆ ತುಂಬುತ್ತಾಳೆ. ಸೈಕಲ್ ಅಂಗಡಿಯವನೊಬ್ಬ ಜೈಲಿಗೆ ಹೋಗುತ್ತಾನೆ. ಕೋರ್ಟಿಗೆ ಕೊಡಲು ಮೂರು ಪ್ರತಿ ಬೇಕೆಂದು ವಾರಿಜ ಆ ಹಾಳೆಯನ್ನು ಅಭ್ಯಾಸಬಲದಿಂದ ಅನಸೂಯಳ ಅಂಗಡಿಗೇ ತರುತ್ತಾಳೆ. ಅನಸೂಯ ಕಾಣದ್ದನ್ನೆಲ್ಲ ಕಂಡೆನೆಂದು ಬರೆದ ಕಾಗದ, ಕೆಳಗೆ ಅವಳದೇ ಸಹಿ. ಅನಸೂಯ ಮೂರು ಪ್ರತಿ ತೆಗೆದು ಕೊಟ್ಟು, ಶಟರ್ ಎಳೆಯುತ್ತಾಳೆ. ಅಲ್ಲಿಗೆ ಬಂದಾಗ ನಾನು ಓದುವುದನ್ನು ನಿಲ್ಲಿಸಿದೆ.

ಸುಳ್ಳೇ ಸೇರಿಸಿ ಓದಿ ಮುಗಿಸಬಹುದಿತ್ತು, ಅವಳಿಗೆ ತಿಳಿಯುತ್ತಲೇ ಇರಲಿಲ್ಲ. ಆದರೆ ವಾರಿಜ ಕಟಕಟೆಯಲ್ಲಿ ನಿಂತು ‘ಇದು ನಾನೇ ಬರೆದ ಸುಳ್ಳು’ ಎನ್ನುವ ಸಾಲನ್ನೂ ಓದಿದೆ, ಹಾಳೆ ಮಡಿಚಿ ಬೋರಮ್ಮನ ಸಂಗತಿಯನ್ನೂ ಹೇಳಿದೆ. ಮಾರಕ್ಕ ಸ್ಪ್ಯಾನರ್ ಒರೆಸಿ ಇಟ್ಟಳು. ಅವಳು ಆಡಿದ್ದು ಇಷ್ಟೇ: “ಮೊದ್ಲು ಆ ಅಜ್ಜಿ ಮನಿಗೆ ಹೋಗು. ಆಮ್ಯಾಲೆ ಬೇಕಾರೆ ನನ್ ಮನಿಗೆ ಬಾ. ಬೆಲ್ಟ್ ಹಾಕ್ಕಂಡು ಮಾತ್ರ ಬರ್ಬ್ಯಾಡ.”

ಹೋದೆ. ಊರ ಮುಂದೆ ಹೇಳಿದೆ, ಬೆಲ್ಟು ಬಿಚ್ಚಿಕೊಟ್ಟೆ. ಬೋರಮ್ಮನ ಕೊಳವೆಯಲ್ಲಿ ನೀರು ಬಂತು. ಆಕೆ ಕ್ಷಮಿಸಿದೆನೆಂದು ಹೇಳಲಿಲ್ಲ. ಕೊಳವೆಯಲ್ಲಿ ನೀರಿದ್ದರೂ ಎರಡು ಕೊಡ ತಂದು ನನ್ನ ಕಾಲ ಬಳಿ ಇಟ್ಟಳು. “ಎಂಟ್ ತಿಂಗ್ಳು ನಾ ಹೊತ್ತೀನಿ. ಈಗ ನೀನ್ ಹೊರು.” ಐದು ದಿನದಿಂದ ಹೊರುತ್ತಿದ್ದೇನೆ, ಭುಜ ಬಾತಿದೆ. ಇವತ್ತು ಬೆಳಿಗ್ಗೆ ನಾಲ್ಕನೇ ಮೆಟ್ಟಿನಲ್ಲಿ ಮಾರಕ್ಕ ನಿಂತಿದ್ದಳು. ಒಂದು ಕೊಡ ಇಸಿದುಕೊಂಡು ನನ್ನ ಮುಂದೆ ಹತ್ತಿದಳು. ಇಂದುಮತಿಯವರೇ, ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ!

ಈ ಕಾಗದ ತಲುಪುವ ಹೊತ್ತಿಗೆ ಪ್ರಕಾಶಕರ ಚೀಟಿ ನಿಮ್ಮ ಮೇಜಿನ ಮೇಲಿರುತ್ತದೆ. ಧೈರ್ಯವಿದ್ದರೆ ಆ ಅಧ್ಯಾಯವನ್ನು ಅಚ್ಚು ಹಾಕಿಸಿ. ನಾನದನ್ನು ಮೊದಲೇ ಓದಿ ನಿಜ ಹೇಳಿಯೇನು, ಬೋರಮ್ಮ ಎಂಟು ತಿಂಗಳು ಕೊಡ ಹೊರುವುದು ತಪ್ಪೀತು. ಆಗದಿದ್ದರೆ ಬೇಸರವಿಲ್ಲ, ಕಿತ್ತುಬಿಡಿ, ಆದರೆ ಸುಡಬೇಡಿ. ನಿಮ್ಮ ಹೊಲಿಗೆ ಮಷೀನಿನ ಪೆಟ್ಟಿಗೆಯಲ್ಲಿ ತಳದ ಹಲಗೆಯ ಕೆಳಗಿಡಿ. ಅದರ ಚಕ್ರ ಈಗಾಗಲೇ ಸ್ವಲ್ಪ ಸಡಿಲವಾಗಿ ಕಿರುಗುಡುತ್ತಿರಬೇಕು. ದಯವಿಟ್ಟು ಅದನ್ನು ಸರಿ ಮಾಡಿಸಬೇಡಿ. ಕೆಟ್ಟ ಮಷೀನು ಮಾತ್ರ ಮಾರಕ್ಕನ ಅಂಗಡಿಗೆ ಬರುತ್ತದೆ.

ನಿಮ್ಮ
ತಿಪ್ಪಕ್ಕ