ಮೈಯೊಳಗೆ ತಂಗಿ

3 ಡಿಸೆಂಬರ್ 2006, ಬೆಳಿಗ್ಗೆ 7
ಜ್ವರ ಇಲ್ಲ. ತೂಕ 51. ಹದಿನಾಲ್ಕು ಮಾತ್ರೆ ನುಂಗಿಯಾಯ್ತು. ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಆಗಿ 41ನೇ ದಿನ. ಸ್ಟೆಮ್ ಸೆಲ್ ಕೊಟ್ಟವಳು ತಂಗಿ ಚಿನ್ಮಯಿ. ದೆಹಲಿಯ ಮುನಿರ್ಕಾದ ತನ್ನ ರೂಮಿಗೆ ಬೀಗ ಹಾಕಿ, ಎಂ.ಫಿಲ್ ಬದಿಗಿಟ್ಟು, ಗುರಗಾಂವ್‌ನ ನನ್ನ ಫ್ಲ್ಯಾಟಿನಲ್ಲಿ ಗಂಜಿ ಕಾಯಿಸುತ್ತಾಳೆ. ಆಸ್ಪತ್ರೆಯ ಪಟ್ಟಿಯಲ್ಲಿದೆ — ದಪ್ಪ ಸಿಪ್ಪೆಯ ಹಣ್ಣು ತಿನ್ನಬಹುದು. ದೊಡ್ಡಮ್ಮ ದೇವನಹಳ್ಳಿಯಿಂದ ಕಳಿಸಿದ ಚಕ್ಕೋತಕ್ಕಿಂತ ದಪ್ಪ ಸಿಪ್ಪೆ ಯಾವುದಕ್ಕಿದೆ? ದಿನಾ ಅರ್ಧ. ನಾಲಗೆಗೆ ರುಚಿ ಹತ್ತುವುದು ಅದೊಂದೇ.
ಅಂಗೈ ಕೆಂಪಗಿದೆ, ಉರಿ. ಹೇಳಲಿಲ್ಲ.

6 ಡಿಸೆಂಬರ್
ಹೇಳಲೇಬೇಕಾಯ್ತು. ಮೈಯೆಲ್ಲ ದದ್ದು. ಬೆನ್ನಿನ ಚರ್ಮ ಸುಲಿದು ಬನಿಯನ್ನಿಗೆ ಅಂಟುತ್ತೆ, ಎಳೆದರೆ ರಕ್ತ. ಡಾಕ್ಟರ್ ಹೇಳಿದ್ದು — ತಂಗಿಯ ಸೆಲ್‌ಗಳಿಗೆ ನನ್ನ ಮೈ ಪರಕೀಯ, ಅದಕ್ಕೇ ಹೊಡೆಯುತ್ತಿವೆ. ಅವುಗಳನ್ನು ತಡೆಯುವ ಮಾತ್ರೆ ಮೊದಲಿಂದಲೂ ಇದೆ, ಜೊತೆಗೆ ಸ್ಟಿರಾಯ್ಡ್ ಶುರು. ಅದರಿಂದ ಸಿಟ್ಟು ಬರಬಹುದು ಅಂದರು. ನನಗೇನು ಅದು ಹೊಸದೇ?

11 ಡಿಸೆಂಬರ್
ಹೊಡೆದುಬಿಟ್ಟೆ. ಕನ್ನಡಿ ಬಚ್ಚಿಟ್ಟಿದ್ದಳು. ಕೇಳಿದರೆ, "ಬೇಡ ಅಣ್ಣ, ನಾಳೆ ನೋಡ್ಕೊಳ್ಳೋವಂತೆ." ಕೈಯಲ್ಲಿದ್ದ ಸ್ಟೀಲ್ ಲೋಟ ಮುಖಕ್ಕೇ ಬೀಸಿದೆ. ಹುಬ್ಬು ಸೀಳಿತು. ನೆಲಕ್ಕೆ ಕುಸಿದಳು. ಅಷ್ಟಕ್ಕೂ ಬಿಡಲಿಲ್ಲ... ಜಡೆ ಹಿಡಿದು ಎಳೆದೆ. "ನಿನ್ನ ರಕ್ತಾನೇ ನನ್ನ ತಿಂತಿದೆ, ಮಾರಿ" ಅಂದೆ.
ನಾಲ್ಕು ಹೊಲಿಗೆ. ಬಾಗಿಲು ತಗುಲಿತು ಎಂದು ಕ್ಲಿನಿಕ್ಕಿನಲ್ಲಿ ಹೇಳಿದಳಂತೆ. ವಾಪಸ್ ಬಂದು ಚಕ್ಕೋತ ಸುಲಿದು ಕೊಟ್ಟಳು. ತಿಂದೆ. ನಾಚಿಕೆಗೆಟ್ಟವನು.

20 ಡಿಸೆಂಬರ್, ಆಸ್ಪತ್ರೆ
ಕೈ ನಡುಗುತ್ತೆ, ಅಕ್ಷರ ಸೊಟ್ಟ. ಹದಿನೈದಕ್ಕೆ ಫಿಟ್ಸ್ ಬಂತಂತೆ. ನಾಲಗೆ ಕಚ್ಚಿಕೊಂಡಿದ್ದೇನೆ. ಮಂಚಕ್ಕೆ ಕಟ್ಟಿಹಾಕಿದ್ದರು, ಮಣಿಕಟ್ಟು ಕಪ್ಪಾಗಿದೆ. ಆ ತಡೆಯುವ ಮಾತ್ರೆ ರಕ್ತದಲ್ಲಿ ಮೂರು ಪಟ್ಟು ಏರಿತ್ತು. ಏನು ತಿನ್ನಿಸಿದಿರಿ ಎಂದು ಡಾಕ್ಟರ್ ಕೆದಕಿ ಕೆದಕಿ ಕೇಳಿದಾಗ ಹೊರಬಿತ್ತು — ಚಕ್ಕೋತ. ಅದು ಮಾತ್ರೆಯನ್ನು ಮೈಯಿಂದ ಇಳಿಯಲು ಬಿಡುವುದಿಲ್ಲವಂತೆ. ಚಿನ್ಮಯಿಯೂ ಮೊದಲೇ ಕೇಳಲಿಲ್ಲ, ನಾನೂ ಕೇಳಲಿಲ್ಲ.
ಕಾರಿಡಾರ್ ಗೋಡೆಗೆ ಹಣೆ ಚಚ್ಚಿಕೊಂಡಳಂತೆ, ಹುಬ್ಬಿನ ಗಾಯ ಮತ್ತೆ ಬಾಯಿಬಿಡುವಷ್ಟು. "ದೀದಿ ಬಹುತ್ ರೋಯೀ, ಭಯ್ಯಾ" ಅಂದಳು ನರ್ಸ್. ತುಂಬಾ ಅತ್ತಳಂತೆ. ಮುನಿರ್ಕಾಗೆ ಹೋದವಳು ಆಮೇಲೆ ಬಂದಿಲ್ಲ.

22 ಡಿಸೆಂಬರ್
ಫೋನ್ ಎತ್ತುತ್ತಿಲ್ಲ. ಅವಳು ಗೊತ್ತಿಲ್ಲದೆ ಮಾಡಿದಳು. ನಾನು ಗೊತ್ತಿದ್ದೇ ಹೊಡೆದೆ. ಸ್ಟಿರಾಯ್ಡ್ ಮೇಲೆ ಹಾಕಿದರೆ ಸುಳ್ಳಾಗುತ್ತೆ — ಅದಿಲ್ಲದಾಗಲೂ ಹೊಡೆದಿದ್ದೇನೆ. ಅವಳ ಎಂಟನೇ ಕ್ಲಾಸಿನಲ್ಲಿ. ಪಿಯುಸಿಯಲ್ಲಿ. ಅವಳು ಬರದಿದ್ದರೆ ಬದುಕಿಯೂ ಏನು ಮಾಡಲಿ? ಎಸ್ಸೆಮ್ಮೆಸ್ ಕಳಿಸಿದೆ: ತಪ್ಪು ನಂದು. ಬಾ.

23 ಡಿಸೆಂಬರ್, ಸಂಜೆ 4
ಬಂದಳು. ಮಾಸ್ಕು, ಹುಬ್ಬಿನ ಮೇಲೆ ಪಟ್ಟಿ. ಬಾಗಿಲಲ್ಲೇ ನಿಂತು, "ಒಳಗೆ ಬರ್ಲಾ ಅಣ್ಣ?" ಅಂದಳು. ಬಾ ಅನ್ನಲು ಕೈ ಎತ್ತಿದೆ.
ಎರಡೂ ತೋಳು ಮುಖಕ್ಕೆ ಅಡ್ಡ ಹಿಡಿದು ಗೋಡೆಗೆ ಒತ್ತಿಕೊಂಡಳು.
ಕೈ ಇಳಿಸಿದೆ. "ಇಲ್ಲ ಕಣೇ, ನಾನು ಬರೀ ಬಾ ಅಂತ ಕರೆದೆ" ಅಂದೆ.