ಜ್ವರ ಎಂದು ಬರೆದ ಕಾಗದ

ನವೆಂಬರ್ 3, 2025. ಸೋಮವಾರ

ಅಲ್ ಗರಾಫಾದ ಮನೆಯಿಂದ ವೆಸ್ಟ್ ಬೇ ಆಫೀಸಿಗೆ ಇವತ್ತು ಐವತ್ತು ನಿಮಿಷ. ಸಿಗ್ನಲ್ಲಿನಲ್ಲಿ ಎರಡು ಸಲ ಲಿಪ್‌ಸ್ಟಿಕ್ ಹಚ್ಚಿದೆ, ಎರಡು ಸಲ ಒರೆಸಿದೆ. ಈಗೀಗ ಕೈ ಸುಮ್ಮನೆ ಇರುವುದಿಲ್ಲ.

ಹೋದ ಕೂಡಲೇ ಫವಾಝ್ ಸರ್ ಕರೆದರು. ಎಚ್.ಆರ್. ಹೆಡ್. ಮಂಗಳೂರಿನವರು, ಹುಟ್ಟಿ ಬೆಳೆದದ್ದೆಲ್ಲ ದೋಹಾದಲ್ಲೇ. ಕಂಪನಿಗೆ ಐವತ್ತು ತುಂಬುತ್ತದೆ. ಡಿಸೆಂಬರ್ 4ಕ್ಕೆ ಫಂಕ್ಷನ್. ಲಾಬಿಯಲ್ಲಿ ಹನ್ನೆರಡು ಪ್ಯಾನೆಲ್‌ಗಳ ಪ್ರದರ್ಶನ, ಎಪ್ಪತ್ತರ ದಶಕದ ಬಗ್ಗೆ. ಆಗಿನ ರೇಟು, ಸಿನಿಮಾ, ರೇಡಿಯೊ, ನ್ಯೂಸು. ಮಾಡಬೇಕಾದವಳು ನಾನು.

"ಲೈಟ್ ಆಗಿ ಇರ್ಲಿ ಫ್ಲೋರಿನ್. ಜನ ನಿಂತು ಸೆಲ್ಫಿ ತೆಗೀಬೇಕು."

ಯೆಸ್ ಸರ್ ಅಂದೆ. ಡಿಸೆಂಬರ್ ಕೊನೆಗೆ ನನ್ನ ಕಾಂಟ್ರಾಕ್ಟ್ ಮುಗಿಯುತ್ತದೆ. ರಿನ್ಯೂ ಮಾಡುವ ಸಹಿ ಅವರದು. ಗಂಡ ವಲೇರಿಯನ್‌ರ ಕೆಲಸ ಹೋಗಿ ಮೂರು ತಿಂಗಳಾಯಿತು. ಊರಿಗೆ ಹೇಳಿಲ್ಲ. ಅಮ್ಮ ಶಿರ್ವದಿಂದ ಫೋನ್ ಮಾಡಿದಾಗಲೆಲ್ಲ — ಎಲ್ಲ ಆರಾಮ.

ಕನ್ನಡದಲ್ಲಿ ಬರೆಯುವುದರ ಅನುಕೂಲ ಇದು. ಮಗಳು ಜಾನಿಸ್‌ಗೆ ಓದಲು ಬಾರದು. ಬಾಂಬೆಯಲ್ಲಿ ಓದಿದ ಗಂಡನಿಗೂ.

ನವೆಂಬರ್ 5, ಬುಧವಾರ

ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ್ದೆಲ್ಲ ಒಣ ಅಂಕಿ. ಕೊನೆಗೆ ಪ್ಯಾಂಟ್ರಿಗೆ ಹೋದೆ, ಹಸನಾಕರ ಹತ್ತಿರ. ಹೆಸರು ಹಸನಬ್ಬ, ಉಳ್ಳಾಲದವರು, ಆಫೀಸಿಗೆಲ್ಲ ಹಸನಾಕ. ಎಪ್ಪತ್ತೊಂದು ವರ್ಷದ ‘ಟೀ ಬಾಯ್’. ಕಂಪನಿಗಿಂತ ಹತ್ತು ತಿಂಗಳು ಮೊದಲೇ ದೋಹಾಕ್ಕೆ ಬಂದವರು. ಅವರ ವೀಸಾ ಇನ್ನು ರಿನ್ಯೂ ಇಲ್ಲ. ಫಂಕ್ಷನ್ನಿನ ಮರುದಿನ, ಡಿಸೆಂಬರ್ 5ಕ್ಕೆ, ಊರಿಗೆ ಫ್ಲೈಟು.

ಎಪ್ಪತ್ತೈದರಲ್ಲಿ ಸಿನಿಮಾ ಟಿಕೇಟು ಎಷ್ಟು ಎಂದು ಕೇಳಿದೆ.

"ಎರಡು ರಿಯಾಲ್. ಅಲ್ಲ, ಮೂರು. ಎಂತ ಮಾರಾಯ್ರೆ, ಟಿಕೇಟಿನ ರೇಟು ಯಾರಿಗೆ ನೆನಪಿರ್ತದೆ? ಒಳಗೆ ಏಸಿ ಇತ್ತು, ಅದು ನೆನಪುಂಟು. ಪಿಚ್ಚರ್ ಅರಬಿಯೋ ಹಿಂದಿಯೋ, ಮೂರು ಗಂಟೆ ತಂಪು."

ಎಂಟು ಜನಕ್ಕೆ ಒಂದು ರೂಮು. ಸೆಕೆಗಾಲದಲ್ಲಿ ತಾರಸಿಯ ಮೇಲೆ ಬೈರಾಸು ಒದ್ದೆ ಮಾಡಿ ಹೊದ್ದು ಮಲಗುವುದು. ನೀರು ಲಾರಿಯಲ್ಲಿ. ಒಂದು ರಿಯಾಲಿಗೆ ಎರಡು ರೂಪಾಯಿ ಚಿಲ್ಲರೆ. ಊರಿನಲ್ಲಿ ಚಿನ್ನ ಪವನಿಗೆ ನಾನೂರು ಚಿಲ್ಲರೆ, ಅದನ್ನು ಮಾತ್ರ ಎಲ್ಲರೂ ಬಾಯಿಪಾಠ ಮಾಡಿದ್ದರಂತೆ. ಎಮರ್ಜೆನ್ಸಿ ಸುದ್ದಿ ತಿಳಿದದ್ದು ರೇಡಿಯೊದಲ್ಲಿ. ಅದಕ್ಕೆ ಮೊದಲು ಮಾರ್ಚಿನಲ್ಲಿ ಪಾಕಿಸ್ತಾನದ ಎದುರಿನ ಹಾಕಿ ವಿಶ್ವಕಪ್ ಫೈನಲ್ಲೂ ರೇಡಿಯೊದಲ್ಲೇ. ರೂಮಿನಲ್ಲಿ ಪಾಕಿಸ್ತಾನದವರು ಇಬ್ಬರು.

"ಗೆದ್ದದ್ದು ನಾವು. ಬಿರಿಯಾನಿ ಮಾಡಿದ್ದು ಅವರು. ಹಾಗೆ ಇತ್ತು ಆಗ."

ಮೂರು ಪ್ಯಾನೆಲ್‌ಗೆ ಸಾಕಾಗುವಷ್ಟು ಸಿಕ್ಕಿತು. ಎಷ್ಟೋ ದಿನದ ಮೇಲೆ ಆಫೀಸಿನಲ್ಲಿ ನಕ್ಕೆ.

ನವೆಂಬರ್ 9, ಭಾನುವಾರ

ಹಳೆಯ ಫೈಲುಗಳ ನಡುವೆ ಒಂದು ಫೋಟೊ. ತಾರಸಿ, ಚಾಪೆ, ನಡುವೆ ರೇಡಿಯೊ, ಇಬ್ಬರು ಹುಡುಗರು. ಒಬ್ಬ ಹಸನಾಕ — ಗುರುತೇ ಸಿಗುವುದಿಲ್ಲ, ಕಿವಿ ಮುಚ್ಚುವಷ್ಟು ಕೂದಲು. ಇನ್ನೊಬ್ಬ ಬಿಳಿ ಶರಟು, ಮಡಿಲಲ್ಲಿ ಬರೆಯುವ ಪ್ಯಾಡು. ಹಿಂಬದಿಯಲ್ಲಿ 1976 ಎಂದಷ್ಟೇ ಇದೆ.

ತೋರಿಸಿದೆ. ಹಸನಾಕ ಕನ್ನಡಕ ಹುಡುಕಿದರು. ಅದು ಹಣೆಯ ಮೇಲೇ ಇತ್ತು.

"ಇದು ಕಾಸ್ಮಿರ್. ನಿಮ್ಮ ಶಿರ್ವದ ಹತ್ತಿರ, ಪಾಂಬೂರಿನವ."

ಈಗ ಎಲ್ಲಿದ್ದಾರೆ ಎಂದೆ. ನಳ್ಳಿ ತಿರುಗಿಸಿ ತೊಳೆದ ಗ್ಲಾಸನ್ನೇ ಮತ್ತೆ ತೊಳೆದರು.

"ಇಲ್ಲೇ. ಎಪ್ಪತ್ತೇಳು ಜೂನ್‌ನಲ್ಲಿ ಹೋದ. ಗೋದಾಮಿನಲ್ಲಿ ಕಬ್ಬಿಣದ ಶೀಟಿನ ಕಟ್ಟು ಮೇಲೆ ಬಿತ್ತು. ನಮ್ಮ ಕಂಪನಿದೇ ಗೋದಾಮು."

ಮುಂದಿನದನ್ನೂ ಅವರೇ ಹೇಳಿದರು. ರೂಮಿನವರೆಲ್ಲರ ಕಾಗದ ಬರೆದುಕೊಡುತ್ತಿದ್ದದ್ದು ಕಾಸ್ಮಿರ್. ಕನ್ನಡ, ಇಂಗ್ಲಿಷು, ಮನಿಯಾರ್ಡರ್ ಫಾರ್ಮು, ಎಲ್ಲ. ಹಸನಾಕ ಓದಿದ್ದು ನಾಲ್ಕನೇ ಕ್ಲಾಸು. ಕಾಸ್ಮಿರ್ ಸತ್ತ ಸಂಜೆ ಮನೆಗೆ ತಿಳಿಸಬೇಕಿತ್ತು. ಬರೆಯುವವನೇ ಸತ್ತಿದ್ದ.

"ಎಲ್ಲರೂ ನನ್ನ ಕೈಗೆ ಪ್ಯಾಡು ಕೊಟ್ಟರು. ಸತ್ತ ಅಂತ ಬರೀಲಿಕ್ಕೆ ನನಗೆ ಆಗ್ಲಿಲ್ಲ ಬಾಯಮ್ಮಾ. ಅವನ ಹೆಂಡತಿ ಸೆವ್ರಿನಾ ಇಪ್ಪತ್ತೆರಡರ ಹುಡುಗಿ, ಕೈಯಲ್ಲಿ ಹತ್ತು ತಿಂಗಳ ಮಗು. ಮೊದಲು ಜ್ವರ ಅಂತ ಬರೆಯುವ, ಮುಂದಿನ ವಾರ ಜೋರಾಗಿದೆ ಅಂತ, ಆಮೇಲೆ... ಹಾಗೆ ಎಣಿಸಿದ್ದು. ಜ್ವರ, ಆಸ್ಪತ್ರೆಯಲ್ಲಿದ್ದಾನೆ, ಗುಣ ಆಗ್ತಾ ಉಂಟು ಅಂತ ಬರೆದೆ. ತಾರೀಕು ಹಾಕ್ಲಿಲ್ಲ. ಹಾಕ್ಬೇಕು ಅಂತ ಗೊತ್ತಿರ್ಲಿಲ್ಲ."

ಆಫೀಸಿನವರು ಮರುದಿನವೇ ಟೆಲಿಗ್ರಾಮ್ ಕಳಿಸಿದ್ದು ಇವರಿಗೆ ಗೊತ್ತಿರಲಿಲ್ಲ. ಟೆಲಿಗ್ರಾಮ್ ಮೂರು ದಿನಕ್ಕೆ ಮುಟ್ಟಿತು. ಕಾಗದ ಮುಟ್ಟಿದ್ದು ಇಪ್ಪತ್ತನೇ ದಿನ. ತಾರೀಕಿಲ್ಲದ ಕಾಗದ. ಸೆವ್ರಿನಾ ಕೊನೆಗೆ ಬಂದದ್ದನ್ನೇ ನಂಬಿದಳು. ಟೆಲಿಗ್ರಾಮ್ ಬೇರೆ ಯಾರದೋ, ನನ್ನ ಗಂಡ ಗುಣವಾಗುತ್ತಿದ್ದಾನೆ ಅಂತ.

ಇದು ಹಸನಾಕರಿಗೆ ತಿಳಿದದ್ದು ಎಪ್ಪತ್ತೊಂಬತ್ತರಲ್ಲಿ, ರಜೆಗೆ ಹೋದಾಗ, ಬಸ್ಸಿನಲ್ಲಿ, ಯಾರದೋ ಬಾಯಿಂದ. ಪಾಂಬೂರಿನ ತನಕ ಹೋದರಂತೆ. ಇಳಿಯಲಿಲ್ಲ.

ನವೆಂಬರ್ 10, ಸೋಮವಾರ. ಲಂಚ್ ಅವರ್

ಊಟ ಸೇರಲಿಲ್ಲ. ಕಾರ್ನಿಷ್‌ನ ಕಡಲ ದಡದಲ್ಲಿ ಎರಡು ಸುತ್ತು ನಡೆದು ಬಂದೆ. ಹೀಲ್ಸ್‌ನಲ್ಲಿ. ಹುಚ್ಚು.

ಹಸನಾಕ ಬೆಳಿಗ್ಗೆ ಚಹಾ ಇಟ್ಟು ಹೋಗಲಿಲ್ಲ, ನಿಂತರು. "ಆ ಮಗು ಈಗ ಎಲ್ಲಿ ಉಂಟು ಅಂತ ನೋಡ್ಲಿಕ್ಕೆ ಆಗ್ತದಾ? ನೀವು ಆ ಕಡೆಯವರಲ್ವಾ?"

ನೋಡುತ್ತೇನೆ ಎಂದೆ. ಪಾಂಬೂರಿಗೆ ಮದುವೆಯಾದ ಕಸಿನ್‌ಗೆ ಮೆಸೇಜು ಹಾಕಿದ್ದೇನೆ.

ನವೆಂಬರ್ 16, ಭಾನುವಾರ

ಫವಾಝ್ ಸರ್ ಪ್ಯಾನೆಲ್‌ಗಳ ಕರಡು ಪ್ರಿಂಟ್ ನೋಡಿದರು. ಹಾಕಿಗೆ ನಕ್ಕರು. ಚಿನ್ನದ ರೇಟಿನ ಎದುರು ತಲೆ ಹಿಡಿದುಕೊಂಡರು. ಏಳನೆಯದರಲ್ಲಿ ನಿಂತರು. ಫೋಟೊದ ಕೆಳಗೆ ಬರೆದಿದ್ದೆ — ಹಸನಬ್ಬ, ಕಾಸ್ಮಿರ್. ಕಾಸ್ಮಿರ್ 1977 ಜೂನ್‌ನಲ್ಲಿ ಕಂಪನಿಯ ಗೋದಾಮಿನಲ್ಲಿ ಮೃತರಾದರು.

"ಇದು ಬೇಡ."

"ಸರ್, ನಿಜ ಅಲ್ವಾ?"

"ನಿಜ ಆಗಿರ್ಬಹುದು. ಚೇರ್ಮನ್ ಬರ್ತಾರೆ, ಗೆಸ್ಟ್ಸ್ ಬರ್ತಾರೆ. ಹೇಗೆ ಸತ್ರು ಅಂತ ಕೇಳಿದ್ರೆ ನಾನು ಎಂತ ಹೇಳುದು? ಒಬ್ಬರನ್ನು ಕ್ರಾಪ್ ಮಾಡಿ, ‘ಆರಂಭದ ಸಿಬ್ಬಂದಿ’ ಅಂತ ಹಾಕಿ. ಖಲಾಸ್."

ಆಮೇಲೆ, ಕಂಪ್ಯೂಟರ್ ನೋಡುತ್ತಾ: "ನಿಮ್ಮ ರಿನ್ಯೂವಲ್ ಫೈಲು ಮುಂದಿನ ತಿಂಗಳು ನನ್ನ ಟೇಬಲ್ಲಿಗೇ ಬರುದು. ಹೆದರಿಸ್ಲಿಕ್ಕೆ ಹೇಳುದಲ್ಲ."

ಸೀಟಿಗೆ ಬಂದು ಕ್ರಾಪ್ ಮಾಡಿದೆ. ಹೌದು, ಮಾಡಿದೆ. ಐದು ಸೆಕೆಂಡಿನ ಕೆಲಸ. ಹಸನಾಕರ ಮೊಣಕಾಲಿನ ಮೇಲೆ ಬೇರೊಬ್ಬನ ನಾಲ್ಕು ಬೆರಳು ಉಳಿದವು.

ನವೆಂಬರ್ 26, ಬುಧವಾರ

ಹತ್ತು ದಿನ ಬರೆಯಲಿಲ್ಲ. ಬರೆದರೆ ಓದಬೇಕಾಗುತ್ತದೆ.

ವಲೇರಿಯನ್‌ಗೆ ಅಲ್ ಅಜೀಜಿಯಾದ ಒಂದು ಆಫೀಸಿನಲ್ಲಿ ಇಂಟರ್‌ವ್ಯೂ ಆಯಿತು. ತಿಳಿಸುತ್ತೇವೆ ಅಂದರಂತೆ. ಎಲ್ಲ ಕಡೆಯೂ ಅದೇ ಮಾತು.

ಕಸಿನ್ ಇವತ್ತು ನಂಬರ್ ಕಳಿಸಿದಳು. ಕಾಸ್ಮಿರರ ಮಗಳು ಎಡ್ನಾ. ಪಾಂಬೂರಿನಲ್ಲೇ ಇದ್ದಾರೆ, ಅಂಗನವಾಡಿ ಟೀಚರ್. ತಾಯಿ ಸೆವ್ರಿನಾ ತೀರಿಹೋಗಿ ಹದಿನಾರು ವರ್ಷ.

ಪ್ಯಾಂಟ್ರಿಗೆ ಹೋಗಿ ಹೇಳಿದೆ. ಹಸನಾಕ ಸ್ಟೂಲಿನ ಮೇಲೆ ಕೂತರು. ತಾಯಿ ಹೋದರು ಎಂದಾಗ ಬಾಯಿಯೊಳಗೆ ಏನೋ ಹೇಳಿಕೊಂಡರು, ಅರಬಿಯಲ್ಲಿ.

"ಶುಕ್ರವಾರ ಫೋನ್ ಮಾಡುವ," ಎಂದರು. "ಅವಳಿಗೂ ಶಾಲೆ ಇರುದಿಲ್ಲ ಸಂಜೆಗೆ."

ನವೆಂಬರ್ 28, ಶುಕ್ರವಾರ

ಹಸನಾಕ ನಮಾಜು ಮುಗಿಸಿ ನಮ್ಮ ಮನೆಗೆ ಬಂದರು, ಇಸ್ತ್ರಿ ಮಾಡಿದ ಶರಟಿನಲ್ಲಿ. ಮೊದಲು ನಾನು ಎಡ್ನಾ ಜೊತೆ ಕೊಂಕಣಿಯಲ್ಲಿ ಮಾತಾಡಿ, ಇವರು ಯಾರು ಎಂದು ತಿಳಿಸಿ, ಫೋನ್ ಕೊಟ್ಟೆ. ಸ್ಪೀಕರಿನಲ್ಲಿತ್ತು. ವಲೇರಿಯನ್ ಟಿವಿ ಬಂದ್ ಮಾಡಿದರು.

"ನಾನು ಹಸನಬ್ಬ. ನಿಮ್ಮ ಅಪ್ಪನ ರೂಮಿನವ. ಜ್ವರ ಅಂತ ಕಾಗದ ಬರೆದವ ನಾನು."

ಆ ಕಡೆ ಎಲ್ಲೋ ಕೋಳಿ ಕೂಗಿತು.

"ಒಂದೂವರೆ ವರ್ಷ," ಎಂದರು ಎಡ್ನಾ. ದನಿ ಎತ್ತರಿಸಲಿಲ್ಲ. "ಒಂದೂವರೆ ವರ್ಷ ಅಮ್ಮ ಕರಿಮಣಿ ತೆಗೀಲಿಲ್ಲ. ಇಗರ್ಜಿಯಲ್ಲಿ ಅಪ್ಪನ ಹೆಸರಿಗೆ ಪೂಜೆ ಹೇಳಿಸ್ಲಿಕ್ಕೆ ಬಿಡ್ಲಿಲ್ಲ. ಬದುಕಿರುವವನಿಗೆ ಸತ್ತವರ ಪೂಜೆ ಮಾಡ್ತೀರಾ ಅಂತ ಪಾದ್ರಿಯ ಹತ್ತಿರ ಜಗಳ ಮಾಡಿದ್ರಂತೆ. ಊರಿನವರು ಹುಚ್ಚಿ ಅಂದ್ರು. ನೀವು ಮತ್ತೊಂದು ಕಾಗದ ಯಾಕೆ ಬರೀಲಿಲ್ಲ?"

"ಹೆದರಿದೆ."

"ಐವತ್ತು ವರ್ಷವಾ?"

ಹಸನಾಕ ಸಮಜಾಯಿಷಿ ಹೇಳಲಿಲ್ಲ, ವಯಸ್ಸನ್ನು ಎದುರಿಗಿಡಲಿಲ್ಲ. "ತಪ್ಪಾಯ್ತು ಮಗಳೇ," ಎಂದರು. ಕೈಯಲ್ಲಿದ್ದ ಟೊಪ್ಪಿಯನ್ನು ಮಡಚುತ್ತಿದ್ದರು, ಬಿಡಿಸುತ್ತಿದ್ದರು.

ಎಡ್ನಾ ಕ್ಷಮಿಸಿದೆ ಎನ್ನಲಿಲ್ಲ. ಬೇರೆಯೇ ಕೇಳಿದರು, "ಅಪ್ಪನನ್ನು ಎಲ್ಲಿ ಮಣ್ಣು ಮಾಡಿದ್ದು?"

ಆಗ ಹೆಣ ಊರಿಗೆ ಕಳಿಸುವ ವ್ಯವಸ್ಥೆ ಇವರ ಕೈಗೆ ನಿಲುಕುವುದಾಗಿರಲಿಲ್ಲ. ಇಲ್ಲೇ ಮಾಡಿದರು. ಮಣ್ಣು ಕೊಡಲು ಹೋದವರು ಆರು ಜನ. ಈಗ ಉಳಿದವರು ಹಸನಾಕ ಒಬ್ಬರೇ.

"ನಂಗೆ ಆ ಜಾಗ ನೋಡ್ಬೇಕು," ಎಂದರು ಎಡ್ನಾ. "ಫೋನಿನಲ್ಲಿ ಆದ್ರೂ."

ಹಸನಾಕ ಹೋದ ಮೇಲೆ ಅಮ್ಮನಿಗೆ ಫೋನ್ ಮಾಡಿದೆ. ವಲೇರಿಯನ್‌ರ ಕೆಲಸ ಹೋಗಿದೆ, ಆಗಸ್ಟಿನಲ್ಲೇ, ಎಂದೆ. ಅಮ್ಮ ಅತ್ತರು. ಹೇಳದೆ ಇದ್ದದ್ದಕ್ಕೆ ಬೈದರು. ಮತ್ತೆ ಅತ್ತರು. ಹಗುರವೇನೂ ಆಗಲಿಲ್ಲ.

ಡಿಸೆಂಬರ್ 3, ಬುಧವಾರ

ಪ್ರಿಂಟಿಗೆ ಕೊನೆಯ ಫೈಲು ಕಳಿಸಿದ್ದು ಸೋಮವಾರ. ಏಳನೆಯದರಲ್ಲಿ ಕಾಸ್ಮಿರರನ್ನು ವಾಪಸು ಹಾಕಿದೆ. ಹೆಸರು, ತಿಂಗಳು, ಗೋದಾಮು, ಎಲ್ಲ. ವಲೇರಿಯನ್ ಹತ್ತಿರ ಮೊದಲೇ ಕೇಳಿದ್ದೆ. ತಟ್ಟೆಯಿಂದ ತಲೆ ಎತ್ತದೆ ಅಂದರು, "ಹಾಕು. ಹೋದ್ರೆ ಇಬ್ಬರೂ ಹುಡುಕುವ."

ಇವತ್ತು ಪ್ಯಾನೆಲ್ ಬಂದವು. ಫವಾಝ್ ಸರ್ ಓದಿದರು. ಕುತ್ತಿಗೆ ಕೆಂಪಾಯಿತು.

"ನಾನು ಎಂತ ಹೇಳಿದ್ದೆ?"

"ಅವರ ಮಗಳು ಸಿಕ್ಕಿದ್ದಾರೆ ಸರ್. ಪಾಂಬೂರಿನಲ್ಲಿ. ಅಪ್ಪನನ್ನು ನೋಡಿಯೇ ಇಲ್ಲ. ನಾಳೆ ಈ ಫೋಟೊ ಕಳಿಸ್ತೇನೆ ಅಂದಿದ್ದೇನೆ."

ಬಹಳ ಹೊತ್ತು ಫೋಟೊ ನೋಡುತ್ತಾ ನಿಂತರು. ಆಮೇಲೆ ಲಿಫ್ಟಿಗೆ ಹೋದರು.

ಡಿಸೆಂಬರ್ 4, ಗುರುವಾರ. ಸಂಜೆ

ಫಂಕ್ಷನ್ ಮುಗಿಯಿತು. ಏಳನೇ ಪ್ಯಾನೆಲ್ ಇತ್ತು. ಲಾಬಿಯಲ್ಲಿ ಅಲ್ಲ, ಟಾಯ್ಲೆಟ್ಟಿಗೆ ಹೋಗುವ ಕಾರಿಡಾರಿನಲ್ಲಿ. ಸೆಲ್ಫಿ ಎಲ್ಲ ಲಾಬಿಯಲ್ಲಿ ಇಟ್ಟಿದ್ದ ಹಳೆ ಟೇಪ್‌ರೆಕಾರ್ಡರಿನ ಮುಂದೆ.

ಆದರೂ ಕಾರಿಡಾರಿನಲ್ಲಿ ಹೋದವರು ಓದಿದರು. ಸ್ಟೋರಿನ ಅನ್ಸಾರ್ ಕೈ ತೊಳೆದು ಬಂದವನು ನಿಂತು ಪೂರ್ತಿ ಓದಿದ. ಹಸನಾಕ ಟ್ರೇ ಹಿಡಿದು ಆ ದಾರಿಯಲ್ಲಿ ಹತ್ತು ಸಲವಾದರೂ ಓಡಾಡಿದರು.

ನನ್ನ ಫೈಲಿನ ವಿಷಯ ಯಾರೂ ಎತ್ತಲಿಲ್ಲ. ಅದೇ ಹೆದರಿಕೆ. ಎರಡು ಸಲ ಮೇಲ್ ಚೆಕ್ ಮಾಡಿದೆ. ಮೂರು ಸಲ.

ಡಿಸೆಂಬರ್ 5, ಶುಕ್ರವಾರ. ಬೆಳಿಗ್ಗೆ 10.40

ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಊರ ಹೊರಗೆ, ಸ್ಮಶಾನದ ಗೇಟಿನ ಹತ್ತಿರ. ಹಸನಾಕರ ಫ್ಲೈಟು ಸಂಜೆ ಏಳಕ್ಕೆ, ಪೆಟ್ಟಿಗೆ ಡಿಕ್ಕಿಯಲ್ಲಿದೆ. ಗೇಟಿನ ಕಾವಲಿನವನ ಹತ್ತಿರ ವಲೇರಿಯನ್ ಹಿಂದಿಯಲ್ಲಿ ಮಾತಾಡಿದರು. ಯಲ್ಲಾ, ಬೇಗ ಬನ್ನಿ ಎಂದು ಬಿಟ್ಟ.

ಒಳಗೆ ಎಲ್ಲ ಒಂದೇ ಥರ. ಮರಳು, ಸಾಲು ಸಾಲು ಕಲ್ಲು. ಹೊಸವಕ್ಕೆ ಹೆಸರಿದೆ. ಹಳೆಯ ಸಾಲಿನಲ್ಲಿ ಹೆಸರೂ ಇಲ್ಲ, ನಂಬರೂ ಇಲ್ಲ. ಗೋಡೆಯಿಂದ ಮೂರನೆಯದು ಎನ್ನುತ್ತಿದ್ದರು ಹಸನಾಕ. ಆ ಗೋಡೆಯೇ ಈಗ ಇಲ್ಲ. ಬೇರೆ ಗೋಡೆ, ಬೇರೆ ಕಡೆ.

ಎಡ್ನಾ ವಿಡಿಯೊ ಕಾಲಿನಲ್ಲಿದ್ದರು. ತಲೆಗೆ ಸೆರಗು ಹೊದ್ದಿದ್ದರು. "ಯಾವುದು?" ಎಂದರು.

ಹಸನಾಕ ಆಚೆ ಹೋದರು, ಈಚೆ ಬಂದರು. ಮತ್ತೆ, "ಯಾವುದು ಮಾಮ?"

ನಾನು ಕಣ್ಣಿನಲ್ಲೇ ಒಂದು ಕಲ್ಲು ತೋರಿಸಿದೆ. ಹೌದು, ನಾನೇ. ಇದು ಎಂದುಬಿಟ್ಟರೆ ಆಯಿತು, ಆ ಹೆಂಗಸಿಗೆ ಒಂದು ಜಾಗ ಸಿಗುತ್ತದೆ, ಯಾರಿಗೆ ಗೊತ್ತಾಗುತ್ತದೆ?

ಹಸನಾಕ ಆ ಕಲ್ಲು ನೋಡಿದರು. ನನ್ನನ್ನು ನೋಡಿದರು.

"ಗೊತ್ತಾಗುದಿಲ್ಲ ಮಗಳೇ. ಇದರಲ್ಲಿ ಒಂದು. ಯಾವುದು ಅಂತ ನನಗೆ ಗೊತ್ತಿಲ್ಲ."

ಕಾಲ್ ಕಟ್ಟಾಯಿತು ಎಂದುಕೊಂಡೆ. ಆಗಿರಲಿಲ್ಲ.

"ಹಾಗಾದ್ರೆ ಎಲ್ಲ ತೋರಿಸಿ," ಎಂದರು ಎಡ್ನಾ. "ಒಂದೊಂದೇ. ನಂಗೆ ಅವಸರ ಇಲ್ಲ."

ನೀವು ಕಾರಿಗೆ ಹೋಗಿ ಬಾಯಮ್ಮ, ಎಂದು ಹಸನಾಕ ನನ್ನ ಫೋನ್ ಎರಡೂ ಕೈಯಲ್ಲಿ ಹಿಡಿದುಕೊಂಡರು. ಇಲ್ಲಿಂದ ಕಾಣುತ್ತಾರೆ. ಒಂದು ಕಲ್ಲಿನ ಮುಂದೆ ನಿಲ್ಲುತ್ತಾರೆ, ಬಗ್ಗುತ್ತಾರೆ, ಫೋನನ್ನು ಕೆಳಗೆ ತರುತ್ತಾರೆ, ಎಡ್ನಾ ಏನೋ ಹೇಳುವ ತನಕ ಅಲ್ಲಾಡುವುದಿಲ್ಲ. ಆಮೇಲೆ ಮುಂದಿನದು. ಎರಡು ಸಾಲು ಆಯಿತು. ಕಾವಲಿನವನು ಗಡಿಯಾರ ನೋಡುತ್ತಾ ಈ ಕಡೆ ಬಂದ, ವಲೇರಿಯನ್ ಏನೋ ಹೇಳುತ್ತಿದ್ದಾರೆ, ಈಗ ಅವನೂ ಸುಮ್ಮನೆ ನಿಂತಿದ್ದಾನೆ. ಬಿಸಿಲು ಏರುತ್ತಿದೆ. ಹಸನಾಕ ಮೂರನೇ ಸಾಲಿನ ಮೊದಲ ಕಲ್ಲಿಗೆ ಬಂದರು, ಮೊಣಕಾಲೂರಿ ಕೂತರು... ಏಳಲಿಕ್ಕೆ ಆಗುತ್ತಿಲ್ಲ, ನಾನು ಹೋಗಿ ಹಿಡಿದು ಎಬ್ಬಿಸಬೇಕು.